ಅಲಾರಂ ವೈರು ಕಿತ್ತ ಮನೆ

ಹಾರನಹಳ್ಳಿ ಕಡೆಯ ಊರುಗಳಲ್ಲಿ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ಹೇಳುವ ಜೋಯಿಸರು ಇನ್ನೂ ಹುಟ್ಟಿಲ್ಲ. ಹಾಗಾಗಿ ಬೋರ್‌ವೆಲ್ ಮೋಟಾರಿಗೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದರೆ ಮೋಟಾರು ತಾನೇ ಓಡುತ್ತದೆ, ಟ್ಯಾಂಕು ತುಂಬುತ್ತದೆ. ನಿಲ್ಲಿಸುವುದಕ್ಕೆ ಮಾತ್ರ ಮನುಷ್ಯರೇ ಬೇಕು. ಮನುಷ್ಯರು ಹೊಲದಲ್ಲಿರುತ್ತಾರೆ.

ಜಾನಕಮ್ಮನ ಮನೆಯ ಟ್ಯಾಂಕು ಕೊಬ್ಬರಿ ಅಟ್ಟದ ನೆತ್ತಿಯ ಮೇಲೇ ಕೂತಿತ್ತು. ತೋಟಕ್ಕೆ ನೀರು ಇಳಿಯಲು ಅದೇ ಎತ್ತರದ ಜಾಗ. ಅದರ ಕೆಳಗೆ, ಅಟ್ಟದೊಳಗೆ, ವರ್ಷದ ತೆಂಗಿನಕಾಯಿಯೆಲ್ಲ ಉಂಡೆ ಕೊಬ್ಬರಿಯಾಗಲು ಒಣಗುತ್ತಿತ್ತು. ಈ ಸಲದ ಕೊಬ್ಬರಿಯ ಮೇಲೆ ಅವಳು ಒಂದೇ ಒಂದು ಆಸೆ ಇಟ್ಟುಕೊಂಡಿದ್ದಳು. ಅದು ಮಾರಾಟವಾದ ಕೂಡಲೇ ಮಗಳು ಹೇಮಾಶ್ರೀಯನ್ನು ಹಾಸನಕ್ಕೆ ಕಳಿಸಿ ನರ್ಸಿಂಗ್ ಓದಿಸಬೇಕು.

ಜಾನಕಮ್ಮನ ಗಂಡ ಚಿಕ್ಕಣ್ಣ. ಅವನ ತಂಗಿಯ ಮಗ ಮಧುಕುಮಾರ ಬಾಣಾವರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೇಸಿಗೆಯಲ್ಲಿ ಬಂದವನು ಟ್ಯಾಂಕಿನೊಳಗೆ ಸೆನ್ಸರ್ ಇಳಿಬಿಟ್ಟು, ಪಡಸಾಲೆಯ ಗೋಡೆಗೆ ಅಲಾರಂ ಪೆಟ್ಟಿಗೆ ಹೊಡೆದ. ಅದರ ಕೂಗು ತೋಟದ ತುದಿಗೂ ಕೇಳುತ್ತಿತ್ತು.

"ನೋಡಿ ಅತ್ತೆ, ನೀರು ಎಷ್ಟೈತೆ ಅಂತ ಸೆನ್ಸರ್ರು ವೈರಿನಲ್ಲಿ ಸಿಗ್ನಲ್ ಕಳಿಸ್ತದೆ. ನೀರು ಮೇಲಿನ ಗುರುತು ಮುಟ್ಟಿದ್ರೆ ಉದ್ದಕ್ಕೆ ಕೂಗ್ತದೆ, ಮೋಟ್ರು ಆಫ್ ಮಾಡಿ. ಕೆಳಗಿನ ಗುರುತಿಗಿಂತ ಇಳಿದ್ರೆ ಬಿಟ್ಟು ಬಿಟ್ಟು ಕೂಗ್ತದೆ. ಮೋಟ್ರು ಓಡ್ತಿದ್ರೂ ಅದು ನಿಲ್ಲಲಿಲ್ಲ ಅಂದ್ರೆ ಬೋರಲ್ಲಿ ನೀರಿಲ್ಲ ಅಂತ. ಆಗ ತಕ್ಷಣ ಆಫ್ ಮಾಡ್ಬೇಕು, ಇಲ್ದಿದ್ರೆ ಮೋಟ್ರು ಸುಟ್ಟೋಯ್ತದೆ."

ಚಿಕ್ಕಣ್ಣ ಮೂಗು ಮುರಿದ. "ಕಾಯಿ ಕುಲುಕಿ ಕೊಬ್ರಿ ಒಣಗೈತೋ ಇಲ್ವೋ ಹೇಳೋನು ಕಣ್ಲಾ ನಾನು. ಟ್ಯಾಂಕ್ ಬಡಿದ್ರೆ ನೀರು ಎಲ್ಲಿಗಂಟ ಐತೆ ಅಂತ ಗೊತ್ತಾಗಲ್ವಾ?"

"ಗೊತ್ತಾಗ್ತದೆ ಮಾವ. ಬಡಿಯೋಕೆ ನೀವು ಅಲ್ಲಿರ್ಬೇಕಲ್ಲ!"

ಪೆಟ್ಟಿಗೆಗೂ ಒಂದು ಚಾಳಿ ಇತ್ತು ಅನ್ನಿ. ತೋಟಕ್ಕೆ ನೀರು ಬಿಟ್ಟಾಗ ಟ್ಯಾಂಕಿನ ನೀರು ತುಳುಕಿ, ಕೆಳಗಿನ ಗುರುತನ್ನು ಮುಟ್ಟಿ ಬಿಟ್ಟು ಮಾಡುತ್ತಿತ್ತು. ಅಲಾರಂ ಕೂಗಿ ನಿಂತು, ಕೂಗಿ ನಿಂತು ತಲೆ ತಿನ್ನುತ್ತಿತ್ತು. ಜಾನಕಮ್ಮ ಫೋನ್ ಮಾಡಿದಳು. "ಸೆಟ್ಟಿಂಗ್ ಸರಿ ಮಾಡ್ಬೇಕು ಅತ್ತೆ, ಬತ್ತೀನಿ" ಎಂದ ಮಧುಕುಮಾರ ಬರಲೇ ಇಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಕೂತರು. ಹೋದವರು ಬಂದು ಉಂಡು ಹೋಗುವ ಹೊತ್ತದು, ತುಟಿ ಪಿಟಕ್ ಅನ್ನುವಂತಿಲ್ಲ. ಆಗಲೇ ಅಲಾರಂ ಕಿರುಚಿತು. ನಿಂತಿತು. ಮತ್ತೆ ಕಿರುಚಿತು.

ಚಿಕ್ಕಣ್ಣ ಎದ್ದವನೇ ಬಾಗಿಲು ತಳ್ಳಿ ಹೋಗಿ ಪೆಟ್ಟಿಗೆಯ ವೈರು ಕಿತ್ತ. "ಉಣ್ಣಾಕೆ ಬಂದ ಅವ್ವ ತಿರುಗಿ ಹೋದ್ಲು! ಹಿರೀಕರಿಗೆ ಹಿಡಿಸ್ದೆ ಇರೋದು ಈ ಮನೇಲಿ ಬೇಡ."

ಸತ್ತ ಅತ್ತೆಯ ಹೆಸರೆತ್ತಿದ ಮೇಲೆ ಯಾವ ಸೊಸೆ ಎದುರಾಡುತ್ತಾಳೆ?

ಅಲ್ಲಿಂದಾಚೆ ಕರೆಂಟು ಬಂದಾಗಲೆಲ್ಲ ಟ್ಯಾಂಕು ತುಂಬಿತು, ಚೆಲ್ಲಿತು. ಚೆಲ್ಲಿದ ನೀರು ಗೋಡೆಯ ಸಂದಿ ಹಿಡಿದು ಅಟ್ಟಕ್ಕೆ ಇಳಿಯಿತು. ಕಾಯಿ ತುಂಬಿದ ಅಟ್ಟವನ್ನು ಕೊಬ್ಬರಿ ಒಣಗಿ ಮುಗಿಯುವ ಮೊದಲು ಯಾರೂ ಕೆದಕುವುದಿಲ್ಲ.

"ಗೋಡೆ ಒದ್ದೆ ಆಗೈತೆ ಕಣ್ರೀ" ಎಂದಳು ಜಾನಕಮ್ಮ ಒಂದು ದಿನ.

"ಮಳೆ ಇರಚಲು ಕಣೇ" ಎಂದ ಚಿಕ್ಕಣ್ಣ.

ದೀಪಾವಳಿ ಕಳೆದು ಕಾಯಿ ಇಳಿಸಿ ಒಡೆದರು. ಮೊದಲನೆಯದರ ಒಳಗೆ ಕಪ್ಪು ಲೋಳೆ. ಎರಡನೆಯದೂ ಹಾಗೇ. ಅಂಗಳವೆಲ್ಲ ಕೊಳೆತ ನಾತ. ಅರಸೀಕೆರೆ ಮಾರುಕಟ್ಟೆಯ ಟೆಂಡರಿಗೆ ಒಯ್ಯುವುದಿರಲಿ, ಹತ್ತಿರ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಆದರೂ ಜಾನಕಮ್ಮ ಒಡೆಯುವುದನ್ನು ನಿಲ್ಲಿಸಲಿಲ್ಲ. ಇದಾದರೂ ಚೆನ್ನಾಗಿರಬಹುದು, ಇದಾದರೂ, ಎಂದು ಒಂದಾದ ಮೇಲೊಂದು ಎತ್ತಿಕೊಂಡಳು. ಕೊನೆಗೆ ಹೇಮಾಶ್ರೀಯೇ ಬಂದು ಕೈ ಹಿಡಿದುಕೊಂಡಳು.

"ಬಿಡಮ್ಮ. ಸಾಕು."

ಜಾನಕಮ್ಮ ಗಟ್ಟಿಯಾಗಿ ಅತ್ತುಬಿಟ್ಟಳು. ಚಿಕ್ಕಣ್ಣ ಜಗುಲಿ ಬಿಟ್ಟು ಏಳಲಿಲ್ಲ.

ಸುದ್ದಿ ಕೇಳಿ ಮಧುಕುಮಾರ ಓಡಿ ಬಂದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

"ಕಿತ್ತೋನು ನಾನು ಕಣ್ಲಾ" ಎಂದ ಚಿಕ್ಕಣ್ಣ. "ಮಗಳ ಓದು ನಾನೇ ಕಿತ್ತೆ."

"ಬತ್ತೀನಿ ಅಂದು ನಾನೂ ಬರಲಿಲ್ಲ, ಮಾವ."

ಅವನು ಎಲ್ಲವನ್ನೂ ಹೊಸದಾಗಿ ಹೊಂದಿಸಿದ. "ಈಗ ನೀರು ತುಳುಕಿದ ತಕ್ಷಣ ಕೂಗಲ್ಲ. ಗುರುತಿನ ಹತ್ರ ಒಂದು ಚೂರು ಹೊತ್ತು ನಿಂತ್ರೆ ಮಾತ್ರ ಕೂಗ್ತದೆ. ಮೇಲಿನದು ಕೂಗಿ ನಿಂತ್ಮೇಲೆ ನೀರು ಒಂದು ಗೇಣು ಇಳಿದು ಮತ್ತೆ ಏರೋಗಂಟ ಸುಮ್ಕಿರ್ತದೆ. ವೈರು ಕಿತ್ತೋದ್ರೂ ಕೂಗ್ತದೆ, ಸಿಗ್ನಲ್ ಬರ್ತಿಲ್ಲ ಅಂತ ಗೊತ್ತಾಗ್ಲಿ."

"ಎಡೆ ಇಡೋ ದಿನ?" ಚಿಕ್ಕಣ್ಣ ಮೆಲ್ಲಗೆ ಕೇಳಿದ.

"ಅವತ್ತು ಮೋಟ್ರು ಆಫ್ ಮಾಡಿ, ತೋಟದ ವಾಲ್ವ್ ಮುಚ್ಚಿ. ನೀರು ಏರಲ್ಲ, ಇಳಿಯಲ್ಲ. ಅದ್ಯಾಕೆ ಕೂಗ್ತದೆ?"

ಇಷ್ಟೇ ಮಾತು. ಇದನ್ನು ಆ ದಿನವೇ ಯಾರಾದರೂ ಹೇಳಿದ್ದರೆ!

ಮೋಟಾರು ಓಡಿಸಿ ನೋಡಿದರು. ಟ್ಯಾಂಕು ತುಂಬುತ್ತಲೇ ಉದ್ದನೆಯ ಕೂಗು ಕೇಳಿತು. ಚಿಕ್ಕಣ್ಣನೇ ಓಡಿ ಹೋಗಿ ಸ್ವಿಚ್ ಆರಿಸಿದ. ಯಾರೂ ನಗಲಿಲ್ಲ, ತಲೆಯ ಮೇಲಿನ ಅಟ್ಟ ಬರಿದಾಗಿತ್ತು.

"ಮುಂದಿನ ವರ್ಷ ಸೇರ್ತೀನಮ್ಮ" ಎಂದಳು ಹೇಮಾಶ್ರೀ. ಏಳನೇ ಕ್ಲಾಸು ಮುಗಿದಾಗ ಜಾನಕಮ್ಮನಿಗೂ ಮನೆಯವರು ಮುಂದಿನ ವರ್ಷವೆಂದೇ ಹೇಳಿದ್ದರು. ಆ ವರ್ಷ ಅವಳ ಬಾಳಿನಲ್ಲಿ ಬರಲೇ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಚಿಡುವ ಮೊದಲು ಎದ್ದು ಹೋಗಿ ನಿಮ್ಮ ಟ್ಯಾಂಕಿನ ಅಲಾರಂ ನೋಡಿ ಬನ್ನಿ. ತಿಂಗಳಿಗೊಮ್ಮೆ ಟ್ಯಾಂಕು ತುಂಬಿಸಿ, ಇಳಿಸಿ, ಎರಡೂ ಕೂಗು ಕೇಳುತ್ತವೆಯೇ ಪರೀಕ್ಷಿಸಿ. ಸುಮ್ಮಸುಮ್ಮನೆ ಕೂಗಿದರೆ ರಿಪೇರಿಯವರ ಬೆನ್ನು ಬೀಳಿ, ಅವರು ಬಂದು ಸರಿ ಮಾಡುವವರೆಗೆ ಬಿಡಬೇಡಿ. ವೈರು ಮಾತ್ರ ಕೀಳಬೇಡಿ. ಜಾನಕಮ್ಮನ ಮನೆಯಲ್ಲಿ ಅಲಾರಂ ಈಗ ಸರಿಯಾಗಿ ಕೂಗುತ್ತಿದೆ, ಹೇಮಾಶ್ರೀ ತೋಟದಲ್ಲಿ ಬಿದ್ದ ಕಾಯಿ ಆಯುತ್ತಿದ್ದಾಳೆ. ನಿಮ್ಮ ಮಗಳು ಎಲ್ಲಿರಬೇಕೆಂದು ನೀವೇ ನೋಡಿಕೊಳ್ಳಿ.