ದಿನಕ್ಕೆರಡು ಕೊಡ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಲೈನ್‌ಮನ್ ಮುನಿಶಾಮಯ್ಯ ಹಿತ್ತಿಲ ಗುಂಡಿಯನ್ನು ಎರಡು ಮೊಳ ಅಗೆದು ಕೈಬಿಟ್ಟು ಒಂದು ಹಿಡಿ ಉಪ್ಪು ತೆಗೆದ; ಉಪ್ಪು ಒಣಗಿತ್ತು. ಬಿಸಿಲಿಗೆ ಹಿಡಿದು ಬೆರಳಲ್ಲಿ ಉಜ್ಜಿದ, ರಾಗಿಹಿಟ್ಟಿನ ಹಾಗೆ ಉದುರಿತು, ನೋಡಿ ಸಾರ್, ಒಸಿನೂ ಪಸೆ ಇಲ್ಲ, ಎಂದ, ಜೀಪಿನಲ್ಲಿ ಬಂದಿದ್ದ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಸಾಹೇಬರು ಬಗ್ಗಿ ನೋಡಿದರು, ಕರೆಂಟು ಹೊಡೆದು ಯಾರು ಸತ್ತರೂ ಇವರು ಬಂದು ಮಹಜರು ಬರೆಯಬೇಕಂತೆ, ಬರೆಯಲಿ, ಲತಾಮಣಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ, ಗಂಡ ಬೋರಲಿಂಗಯ್ಯ ಹೋಗಿ ಇವತ್ತಿಗೆ ಐದನೇ ದಿನ, ಭಾನುವಾರ ಹೋದದ್ದು, ಸೋಮವಾರ ಮಣ್ಣು, ನಿನ್ನೆ ಹಾಲುತುಪ್ಪ, ಇವತ್ತು ಈ ಉಪ್ಪು — ಆ ಉಪ್ಪು ಅವನೇ ಕುದೂರು ಸಂತೆಯಿಂದ ಸೈಕಲ್ ಮೇಲೆ ಹೇರಿಕೊಂಡು ಬಂದದ್ದು, ಎರಡು ಮೂಟೆ, ಏನ್ಲಾ ಬೋರ, ಉಪ್ಪಿನಕಾಯಿ ಫ್ಯಾಕ್ಟರಿ ಇಕ್ತೀಯೇನ್ಲಾ, ಅಂತ ಬಸ್‌ಸ್ಟಾಂಡಿನಲ್ಲಿ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಎಂಟಡಿ ತೋಡಿದ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿದ, ಸುತ್ತಲೂ ಒಂದು ವರಸೆ ಇದ್ದಿಲು ಒಂದು ವರಸೆ ಕಲ್ಲುಪ್ಪು, ಮತ್ತೆ ಇದ್ದಿಲು ಮತ್ತೆ ಉಪ್ಪು, ಕೈಯಲ್ಲಿ ಸವರಿ ಸವರಿ ಮಟ್ಟ ಮಾಡಿದ, ಇದು ಅರ್ಥಿಂಗ್ ಕಣ್ ಲತಾ, ಯಾವ್ದಾರ ಕಬ್ಣಕ್ಕೆ ಕರೆಂಟ್ ಇಳುದ್ರೆ ಮನುಸನ ಮೈಗೆ ಬರ್ದಂಗೆ ಭೂಮಿಗೆ ಹೋಗ್ಬುಡ್ತದೆ, ಭೂಮಿ ಹಸಿಯಾಗಿದ್ರೆ ತಾನೇ ಹೋಗಾದು, ಒಣುಗುದ್ರೆ ಬಾಗ್ಲು ಹಾಕ್ದಂಗೆ, ಬ್ಯಾಸ್ಗೇಲಿ ದಿನಕ್ಕೆರಡು ಕೊಡ ಹುಯ್ಬೇಕು, ಮರೀಬ್ಯಾಡ. ಹೇಳಿದ ಮಾತು ಇಷ್ಟೂ ನೆನಪಿದೆ. ಮರೆತೆ ಎಂದು ಹೇಳಿಕೊಳ್ಳುವುದಕ್ಕೂ ಆಗುವುದಿಲ್ಲ, ಮರೆತಿರಲಿಲ್ಲ.

ಮನೆಯಲ್ಲಿ ಅವನ ಕೈ ಮುಟ್ಟದ ವಸ್ತು ಯಾವುದಿದೆ, ಬಾಗಿಲ ಚಿಲಕ, ಅತ್ತೆಯ ಕನ್ನಡಕದ ಕಡ್ಡಿ, ಮಗಳು ಭಾನುಪ್ರಿಯ ಓದುವುದಕ್ಕೆ ಗೋಡೆಗೆ ಮಡಚುವ ಮೇಜು, ಅವಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಕರೆಂಟು ಹೋದರೂ ಉರಿಯಲಿ ಎಂದು ಲಾರಿ ಬ್ಯಾಟರಿಗೆ ಕಟ್ಟಿದ ದೀಪ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಅಲ್ಲಿ ಕಂಟ್ರಾಕ್ಟರ್ ಕೈಕೆಳಗೆ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದ, ರಿಜಿಸ್ಟರಿನಲ್ಲಿ ಹೆಲ್ಪರ್, ಆದರೆ ಮೆಷಿನ್ ನಿಂತರೆ ಐಟಿಐ ಓದಿದವರೇ ಬೋರಣ್ಣ ಒಸಿ ಬಾ ಎನ್ನುತ್ತಿದ್ದರಂತೆ, ಹೇಳುವಾಗ ಮುಖ ಅರಳುತ್ತಿತ್ತು. ಊರಿನ ಮನೆಗಳಿಗೆ ವೈರಿಂಗ್ ಅವನದೇ. ಹಿತ್ತಿಲಲ್ಲಿ ನಿಂತಿರುವ ಆ ಮೇವು ಕತ್ತರಿಸುವ ಯಂತ್ರವೂ ಅವನದೇ, ಲತಾಮಣಿಯ ಮಣಿಕಟ್ಟು ಊದಿಕೊಂಡದ್ದನ್ನು ನೋಡಿ ಗುಜರಿಯಿಂದ ಹಳೇ ಮೋಟಾರು ತಂದು ತಿಂಗಳುಗಟ್ಟಲೆ ಕೂತು ಮಾಡಿದ್ದು, ಇನ್ಮ್ಯಾಕೆ ನೀನು ಕುಡ್ಲು ಹಿಡೀಬ್ಯಾಡ, ಎಂದ — ನಿನಗಾಗಿ ಮಾಡಿದೆ ಎಂದು ಅವನು ಬಾಯಿಬಿಟ್ಟು ಹೇಳುವವನಲ್ಲ. ಮಾರ್ಚ್ ಇಪ್ಪತ್ತೊಂಬತ್ತು, ಸೋಮವಾರ, ಫ್ಯಾಕ್ಟರಿ ನಿಲ್ಲಿಸಿ ರಿಪೇರಿ ಮಾಡ್ತಾರೆ, ಹನ್ನೆರಡು ದಿನ ಅಲ್ಲೇ ಇರ್ಬೇಕು, ನಾನಿಲ್ದಾಗ ಮೆಷಿನ್ ಮುಟ್ಬ್ಯಾಡ, ಗುಂಡಿಗೆ ನೀರು ಮಾತ್ರ ತಪ್ಪುಸ್ಬ್ಯಾಡ ಎಂದು ಹೇಳಿ ಹೊರಟ. ಮೂರು ದಿನ ಹುಯ್ದಳು. ನಲ್ಲಿಯಲ್ಲಿ ನೀರು ನಾಲ್ಕು ದಿನಕ್ಕೊಂದು ಸಲ, ಅದೂ ನೂಲಿನಷ್ಟು, ಒಂದೊಂದು ಕೊಡಕ್ಕೂ ಜಗಳ, ಅತ್ತೆ ಚಿಕ್ಕಲಕ್ಷ್ಮಮ್ಮ ಜಗುಲಿ ಮೇಲಿಂದ, ಏನಮ್ಮಿ, ಮನುಸ್ರಿಗೆ ಕುಡಿಯಾಕಿಲ್ಲ, ನನ್ ಮಗ ಗುಂಡಿಗೆ ಬಾಣಂತನ ಮಾಡುಸ್ತಾವ್ನೆ, ಎಂದು ನಕ್ಕರು, ಅವಳಿಗೂ ನಗು ಬಂತು, ಯಂತ್ರವನ್ನೇ ಯಾರೂ ಮುಟ್ಟುತ್ತಿಲ್ಲ, ಮಣ್ಣಿಗೆ ಯಾಕೆ ನೀರು, ನಾಳೆ ಹುಯ್ದರಾಯಿತು. ನಾಲ್ಕನೇ ದಿನ ಹುಯ್ಯಲಿಲ್ಲ. ಏನೂ ಆಗಲಿಲ್ಲ. ಐದನೇ ದಿನವೂ. ಇಮಾಮ್ ಸಾಬ್ ಅಂಗಡಿಗೆ ಫೋನು ಬಂತು, ಬಾರಮ್ಮ ನಿಮ್ಮ ಯಜಮಾನ್ರು ಲೈನಲ್ಲವ್ರೆ, ಓಡಿ ಹೋದಳು, ಭಾನು ಓದ್ತಾವ್ಳಾ, ಅವ್ವ ಮಾತ್ರೆ ತಗತಾವ್ಳಾ, ಗುಂಡಿಗೆ ನೀರು ಹುಯ್ತಿದ್ದೀಯಾ? ಹೂಂ ಕಣ್ರೀ. ಎಷ್ಟು ಸಲೀಸಾಗಿ ಬಂತು ಆ ಹೂಂ. ಶುಕ್ರವಾರ, ನಾಳೆ ಬರುತ್ತಾನೆ ಎನ್ನುವ ದಿನ, ಎರಡು ಕೊಡ ತುಂಬಿ ಹಿತ್ತಿಲಿಗೆ ತಂದಳು, ಅವತ್ತಾದರೂ ಹುಯ್ದುಬಿಡೋಣ ಎಂದೇ ತಂದದ್ದು, ಗುಂಡಿಯ ಪಕ್ಕದಲ್ಲೇ ಬಚ್ಚಲು ಕಲ್ಲು, ಹನ್ನೆರಡು ದಿನದ ಧೂಳು ತಲೆಯಲ್ಲಿ, ಸೀಗೆಪುಡಿ ಕಲಸಿಕೊಂಡಳು, ಕೂತಳು, ಮೊದಲನೇ ಕೊಡ ತಲೆಯ ಮೇಲೆ ಬಗ್ಗಿಸಿಕೊಂಡಳು, ಆಮೇಲೆ ಎರಡನೆಯದು, ತಣ್ಣಗೆ, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಕಲ್ಲಿಗೆ, ಕಲ್ಲಿನಿಂದ ಚರಂಡಿಗೆ, ಗುಂಡಿ ಇದ್ದದ್ದು ಎರಡೇ ಮಾರು ಆಚೆ. ಶನಿವಾರ ಸಂಜೆ ಬಂದವನು ಚೀಲ ಇಳಿಸುವ ಮೊದಲೇ ಏನ್ ಘಮಘಮ ಅಂತೀಯಲ್ಲ ಎಂದ.

ಭಾನುವಾರ ಆರು ಮುಕ್ಕಾಲು, ಅವಳು ಒಲೆಯ ಮುಂದೆ, ಅವನು ಹಿತ್ತಿಲಲ್ಲಿ ಮೇವಿನ ಯಂತ್ರದ ಮುಂದೆ ಬರಿಗಾಲಲ್ಲಿ. ಟೆಸ್ಟರ್ ಹಚ್ಚಿ ನೋಡದೆ ಕಬ್ಬಿಣ ಮುಟ್ಟುವವನೇ ಅಲ್ಲ, ನೆಂಟರ ಮನೆಗೆ ಹೋದರೂ ಜೇಬಿನಲ್ಲಿ ಪೆನ್ನಿನ ಹಾಗೆ ಟೆಸ್ಟರ್, ಅವತ್ತು ಅದು ಬಿಡದಿಯಿಂದ ಬಂದ ಚೀಲದ ತಳದಲ್ಲಿತ್ತು, ಚೀಲ ನಡುಮನೆಯಲ್ಲಿ, ಭಾನು ಅಲ್ಲೇ ಮಲಗಿದ್ದಳು, ಎಬ್ಬಿಸುವುದು ಬೇಡ ಅಂದುಕೊಂಡನೇನೋ — ಲತಾ, ನೀರು ಹುಯ್ದಿದ್ದೆ ತಾನೇ, ಎಂದು ಕೂಗಿದ. ಹೂಂ, ಎಂದಳು, ತಿರುಗಿ ನೋಡದೆ, ಮುದ್ದೆಗೆ ಎಸರು ಉಕ್ಕುತ್ತಿತ್ತು. ಸ್ವಿಚ್ಚಿನ ಸದ್ದು ಕೇಳಿಸಿತು, ಮೋಟಾರಿನ ಸದ್ದು ಕೇಳಿಸಿತು, ಆಮೇಲೆ ಮೋಟಾರಿನ ಸದ್ದೊಂದೇ. ಟೆಸ್ಟರಿನ ಬದಲು ಅವನು ಅವಳ ಮಾತು ಹಚ್ಚಿ ನೋಡಿದ. ಅಷ್ಟೇ ಆದದ್ದು. ಇದನ್ನು ಎಷ್ಟು ಕಡೆಯಿಂದ ಹೇಳಿಕೊಂಡರೂ ಅಷ್ಟೇ.

ಮುನಿಶಾಮಯ್ಯ ಮೋಟಾರು ಬಿಚ್ಚಿ ತೋರಿಸುತ್ತಿದ್ದಾನೆ, ಒಳಗಿನ ವೈರು ಸುಲ್ಕೊಂಡೈತೆ ಸಾರ್, ಮೆಷಿನ್ ಕಬ್ಣಕ್ಕೆ ಕರೆಂಟ್ ಇಳುದೈತೆ, ಅರ್ಥ್ ಸರಿಯಾಗಿದ್ದಿದ್ರೆ ಫ್ಯೂಸ್ ಹೋಗಿ ಆಳು ಉಳ್ಕೊತಿದ್ದ. ಭಾವ ನರಸಯ್ಯ, ಸತ್ತವನ ಸ್ವಂತ ಅಣ್ಣ, ಟವೆಲ್ ಕೊಡವುತ್ತಾ, ಊರೋರ್ಗೆಲ್ಲ ಬುದ್ಧಿ ಹೇಳೋನು, ಕೊನೀಗೆ ಅವನ ಕೈಕೆಲ್ಸ ಅವನನ್ನೇ ತಿಂತು ಕಣ್ರಪ್ಪ, ಎಂದ, ಪಂಚರಾಗಿ ಬಂದವರು ತಲೆಯಾಡಿಸಿದರು. ಅತ್ತೆ ಮಾತ್ರ ಎದ್ದು ಬಂದರು, ಸೆರಗು ಬಿಗಿದುಕೊಂಡು, ಸಾಹೇಬರ ಮುಂದೆ ನಿಂತು, ನನ್ ಮಗನ ಕೆಲ್ಸ ಕೆಟ್ಟಿರಾಕಿಲ್ಲ ಸ್ವಾಮಿ, ಅವನು ಮೊಳೆ ಹೊಡುದ್ರೂ ಎರಡು ಸಲ ಅಲ್ಲಾಡ್ಸಿ ನೋಡೋನು, ಇನ್ನೊಂದ್ಸಾರಿ ನೋಡ್ರಿ, ನಿಮ್ ಕಾಲಿಗೆ ಬೀಳ್ತೀನಿ. ಸಾಹೇಬರು ಒಳ್ಳೆಯವರು, ಪೆನ್ನು ನಿಲ್ಲಿಸಿದರು, ಇಲ್ಲಮ್ಮ, ಕಟ್ಟಿರೋದು ನೋಡಿದ್ರೆ ಅಚ್ಚುಕಟ್ಟಾಗೇ ಇದೆ, ಅದೇ ನಂಗೂ ಅರ್ಥ ಆಗ್ತಿಲ್ಲ ಎಂದರು, ಲತಾಮಣಿಯ ಕಡೆ ತಿರುಗಿದರು. ನೀವು ಹೇಳಿ, ದಿನಾ ನೀರು ಹಾಕ್ತಿದ್ರಾ? ಈಗ. ಈಗ ಹೇಳಿದರೆ ಅವನ ಹೆಸರು ಉಳಿಯುತ್ತದೆ, ಇಲ್ಲ ಸಾರ್, ಹತ್ತು ದಿನ ಹುಯ್ಯಲಿಲ್ಲ, ಅವರು ಕಟ್ಟಿದ್ದು ಸರಿಯಾಗೇ ಇದೆ, ನಾನೇ — ನಾನೇ ಎಂದರೆ ಅತ್ತೆ ಕೇಳಿಸಿಕೊಳ್ಳುತ್ತಾರೆ, ಭಾನು ಬಾಗಿಲ ಹಿಂದೆ ಇದ್ದಾಳೆ, ಭಾನು ಕೇಳಿಸಿಕೊಳ್ಳುತ್ತಾಳೆ, ಅಪ್ಪನನ್ನು ಕಳೆದುಕೊಂಡ ಹುಡುಗಿ ಐದನೇ ದಿನಕ್ಕೆ ಅವ್ವನನ್ನೂ, ಅತ್ತೆ ಅವಳನ್ನೇ ನೋಡುತ್ತಿದ್ದಾರೆ, ಹೇಳಮ್ಮಿ, ನೀನಾರ ಹೇಳು, ಸಾಹೇಬರು ನೋಡುತ್ತಿದ್ದಾರೆ, ಮುನಿಶಾಮಯ್ಯನ ಅಂಗೈಯಲ್ಲಿ ಇನ್ನೂ ಆ ಬಿಳಿ ಪುಡಿ, ಗಾಳಿಗೆ ಹಾರುತ್ತಿದೆ, ಬಾಯಿ ತೆರೆದಳು, ನಾಲಿಗೆಯ ಮೇಲೆ ಹತ್ತು ದಿನ ಎನ್ನುವ ಮಾತು ಇತ್ತು, ನಿಜವಾಗಿ ಇತ್ತು, ಹೂಂ ಎಂದಳು. ಶನಿವಾರದವರೆಗೂ? ಹೂಂ. ನಾಲ್ಕೈದು ದಿನಕ್ಕೆ ಈ ಆಳದಲ್ಲಿ ಹಿಂಗೆ ಒಣಗಲ್ಲ, ನೀರು ಹಾಕ್ತಿದ್ರೂ ಹಿಡಿದಿಲ್ಲ ಅಂದ್ರೆ ಗುಂಡಿ ಕಟ್ಟಿರೋದೇ ಸರಿಯಿಲ್ಲ, ಎಂದು ಸಾಹೇಬರು ಅರ್ಧ ತಮಗೇ ಹೇಳಿಕೊಂಡು ಬರೆದರು, ಮೃತನು ಸ್ವತಃ ಅಳವಡಿಸಿದ ಅರ್ಥಿಂಗ್ ದೋಷಪೂರಿತವಾಗಿದ್ದು, ಎಂದು ಗಟ್ಟಿಯಾಗಿ ಓದಿದರು, ಅತ್ತೆ ಜಗುಲಿಗೆ ಹೋಗಿ ಕೂತರು, ಅವಳ ಬೆನ್ನಿನ ಮೇಲೆ ನೀರು ಇಳಿಯುತ್ತಿದೆ, ತಣ್ಣಗೆ, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಕಲ್ಲಿಗೆ, ಇನ್ನೊಂದು ಕೊಡ, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ

ಅವಳು ಸಹಿ ಹಾಕಿದಳು. ಮುಂದಿನ ಭಾನುವಾರದೊಳಗೆ ಊರಿನ ಹದಿನೇಳು ಮನೆಯವರು ಮಾಗಡಿಯಿಂದ ಬೇರೆ ವೈರ್‌ಮನ್‌ನನ್ನು ಕರೆಸಿ ಬೋರಲಿಂಗಯ್ಯ ಮಾಡಿದ್ದ ವೈರಿಂಗನ್ನು ಕೀಳಿಸಿದರು. ಮೊದಲು ಕೀಳಿಸಿದವನು ನರಸಯ್ಯ.