ಹದಿನೇಳರ ಬಾಲ

ಮೆಟ್ಟಿಲು ಸುಡುತ್ತಿದೆ, ಬೆರಳ ಸಂದಿಯಲ್ಲೆಲ್ಲ ಕೆಂಧೂಳು, ಈ ಗುಡ್ಡವನ್ನು ಬರಿಗಾಲಲ್ಲೇ ಹತ್ತಬೇಕಂತೆ, ಹತ್ತುತ್ತಿದ್ದೇನೆ, ಬೆನ್ನ ಮೇಲೆ ಹೊಳೆಮ್ಮ — ನನ್ನವ್ವನ ಹೆಸರಿಟ್ಟ ಮಗಳು, ಎರಡೂವರೆ ತುಂಬಿದರೂ ನೆಲಕ್ಕೆ ಕಾಲೂರಿದವಳಲ್ಲ, ಸಂಡೂರಿನ ಡಾಕ್ಟರು ಟಾನಿಕ್ ಬರೆದರು, ಹೊಸಪೇಟೆಯವರು ಎಕ್ಸ್‌ರೇ ನೋಡಿ ಎಲುಬು ಚೆನ್ನಾಗೈತಿ, ಕಾಯ್ರಿ ಎಂದರು, ಎಷ್ಟು ಕಾಯುವುದು, ಮುಂದೆ ಹೋಗುತ್ತಿರುವ ಹೆಂಡತಿ ಲಲಿತಾ ತಿರುಗಿ ಜಲ್ದಿ ಬರ್ರಿ, ಬಿಸಿಲೇರತೈತಿ ಎನ್ನುತ್ತಾಳೆ, ಹರಕೆ ಅವಳ ತವರಿನದು, ಮೇಲೆ ಜೈನರ ಬಸದಿಗಳಿವೆ, ಅವುಗಳ ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ಮುನಿ ಉಪವಾಸವಿದ್ದು ದೇಹ ಬಿಟ್ಟ ಬಂಡೆ, ಅದರ ಮೇಲೆ ಅವನ ಎರಡು ಪಾದ ಕೊರೆದಿದ್ದಾರೆ, ನಡೆಯದ ಮಗುವನ್ನು ಅದರೊಳಗೆ ನಿಲ್ಲಿಸಬೇಕು, ಅಪ್ಪನೇ ಪಾದ ತೊಳೆಯಬೇಕು, ಅಪ್ಪನೇ ಮಗುವಿನ ಕೈ ಬಿಡಬೇಕು, ನಾನೂ ಅಲ್ಲೇ ನಿಂತು ನಡದಾಕಿರಿ ಎಂದಿದ್ದಳು, ಇರಬಹುದು, ಕಂಪ್ಲಿಯವನಾದ ನನಗೆ ಈ ಗುಡ್ಡದ ಮಹಿಮೆ ಏನು ಗೊತ್ತು, ಅಲ್ಲಿ ಲಾರಿಗಳಿಗೆ ಹೆಸರು, ನವಿಲು, ನಿಂಬೆಹಣ್ಣು ಬರೆದುಕೊಂಡಿದ್ದೆ, ಈಗ ಯಶವಂತನಗರದಲ್ಲಿ ಗಣಿ ಕಂಪನಿಯ ಕೆಲಸ, ಸರ್ವೆಯರ್ ತೋಟಪ್ಪನವರು ತೋರಿಸಿದ ಬಂಡೆಗೆ ಗಡಿಯ ನಂಬರ್, ಬಾಣ ಬರೆಯುವುದು, ಏಳು ಬಂದರೆ ಕೈ ಕೇಳುವುದಿಲ್ಲ, ಕೊನೆಗೆ ನವಿಲ ಬಾಲದ ಹಾಗೆ ಒಂದು ಸುಳಿ ಎಳೆದೇ ಬಿಡುತ್ತದೆ, ನಂಬರ್ ಬರಿಯಲೇ ಹೊನ್ನೂರುಸ್ವಾಮಿ, ಲಾರಿ ಸಿಂಗಾರ ಮಾಡಬ್ಯಾಡ, ಎಂದು ತೋಟಪ್ಪನವರು ನಗುತ್ತಾರೆ. ನಾನೂ ನಗುತ್ತೇನೆ.

ಬಸದಿಯ ನೆರಳು ತಣ್ಣಗಿದೆ, ಪೂಜೆಯ ಉಪಾಧ್ಯೆರು ಚೊಂಬಿನಲ್ಲಿ ನೀರು ಕೊಟ್ಟು ಹಿಂದಕ್ಕೆ ಕರೆದೊಯ್ಯುತ್ತಾರೆ, ಮನಸ್ಸು ಗಟ್ಟಿ ಮಾಡ್ಕೊಳ್ರಿ, ಪಾದ ಮೊದಲಿನಂಗಿಲ್ಲ, ಎನ್ನುತ್ತಾರೆ, ಬಂಡೆ ಕಾಣಿಸಿತು, ಬಂಡೆಯ ಮೇಲೆ ಕೆಂಪು ಬಣ್ಣ, ಬಸದಿಯತ್ತ ತಿರುಗಿದ ಬಾಣ, ಬಾಣದ ಕೆಳಗೆ ಒಂದು, ಅದರ ಪಕ್ಕ ಏಳು, ಏಳಕ್ಕೆ ಬಾಲ — ಅಯ್ಯೋ ಅದು ನನ್ನದು, ನನ್ನ ಕೈಯದು, ಹೇಗೆ, ಯಾವಾಗ, ಹೋದ ವಾರ, ಆ ಹಿಂದಿನ ಇಳಿಜಾರಿನಿಂದ ಜೀಪಿನಲ್ಲಿ ಬಂದಿದ್ದೆವು, ಮೊಣಕಾಲು ಮುಳುಗುವ ಧೂಳು, ಬಸದಿಗಳ ಹಿಂಗೋಡೆ ಕಂಡಿತ್ತು, ಯಾವುದೋ ಹಾಳುಗುಡಿ ಅಂದುಕೊಂಡೆ, ಹಂಪಿ ಸುತ್ತ ಹಾಳುಗುಡಿಗೆ ಬರವೇ, ಬಂಡೆಯಲ್ಲಿ ಎರಡು ತಗ್ಗು, ತುಂಬ ಅದಿರಿನ ಧೂಳು, ಮಳೆನೀರು ಕೊರೆದದ್ದೆಂದು ಅವುಗಳ ಅಂಚಿನ ಮೇಲೇ ಬ್ರಷ್ ಎಳೆದೆ, ಈಗ ಯಾರೋ ಧೂಳು ತೆಗೆದಿದ್ದಾರೆ, ತಗ್ಗಿಗೆ ಬೆರಳು ಬಂದಿವೆ, ಹತ್ತು ಬೆರಳು, ಬಲಪಾದದ ಹೆಬ್ಬೆರಳನ್ನು ಬಾಲ ಸುತ್ತಿಕೊಂಡಿದೆ, ಸೀಮೆಎಣ್ಣಿ ಹಾಕಿ ಮೂರು ದಿನ ತಿಕ್ಕೀನ್ರಿ, ಹೋಗವಲ್ದು, ಎನ್ನುತ್ತಿದ್ದಾರೆ ಉಪಾಧ್ಯೆರು, ಲಲಿತಾ ಕುಸಿದು ಕೂತಳು, ಯಾವ ಹಡಬಿಟ್ಟಿ ಬರ್ದಾನ, ಅವನ ಕೈಗೆ ಹುಳಾ ಬೀಳಾ, ಅವನ ಕೈ ಸೇದಿ ಹೋಗಾ, ಬಂಡೆಗೆ ಹಣೆ ಹಚ್ಚಿ ಶಪಿಸುತ್ತಿದ್ದಾಳೆ, ನಾನು ಪಕ್ಕದಲ್ಲೇ ನಿಂತಿದ್ದೇನೆ, ಬಲಗೈಯನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿಕೊಂಡು, ಬೈಬ್ಯಾಡ್ರಿ ತಾಯಿ, ಬರ್ದವನಿಗೂ ಮಕ್ಕಳಿರ್ತಾವ, ಎಂದರು ಉಪಾಧ್ಯೆರು, ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ತಾಳುತ್ತಿದ್ದೆ. ರೀ, ನೀವು ಕಂಪನ್ಯಾಗ ಇರೋರು, ಈ ಬಾಣ ಯಾಕ ಬರ್ದಾರ? ಎಂದಳು ಲಲಿತಾ. ಬಾಣದ ಕಡಿಯದೆಲ್ಲ ನಮ್ದು ಎಂದಿದ್ದರು ತೋಟಪ್ಪನವರು, ಬಾಣದ ಕಡೆ ಬಸದಿಗಳಿವೆ, ಈ ಬಂಡೆಯಿದೆ, ಸೋಮವಾರದಿಂದ ಡ್ರಿಲ್ಲಿಂಗ್, ಗೊತ್ತಿಲ್ಲ ಎಂದೆ, ಬಾಯಿ ತಾನೇ ಅಂದುಬಿಟ್ಟಿತು, ಗೊತ್ತಿಲ್ಲ.

ಹರಕೆ ಬಿಡಬ್ಯಾಡ್ರಿ, ತೊಳೀರಿ, ನೀವ ತೊಳೀಬೇಕು, ಎಂದು ಲಲಿತಾಳೇ ನನ್ನ ಬಲಗೈ ಎಳೆದು ಚೊಂಬು ಹಿಡಿಸಿದಳು, ತೊಳೆಯುತ್ತಿದ್ದೇನೆ, ನೀರಿನಲ್ಲಿ ಏಳು ಇನ್ನೂ ಹೊಸದಾಗಿ ಹೊಳೆಯುತ್ತದೆ, ಹೊಳೆಮ್ಮನನ್ನು ನಿಲ್ಲಿಸಿದೆ, ಅಂಗಾಲು ತಣ್ಣೀರಿಗೆ ಬೆಚ್ಚಿತು, ಮೊಣಕಾಲು ನಡುಗಿತು, ಕೈ ಬಿಡ್ರಿ, ನೀವು ಬಿಟ್ರ ನಿಂದ್ರತಾಳ, ಬಿಡಲಾರೆ, ಬಿದ್ದರೆ ನನ್ನಿಂದ, ನಿಂತರೆ ನಾನು ಬರೆದದ್ದರ ಮೇಲೆ, ಹೇಗೆ ಬಿಡಲಿ, ಬಿಡ್ರೀ — ಬಿಡಲಿಲ್ಲ ನಾನು, ಮಗಳೇ ಬಿಡಿಸಿಕೊಂಡಳು, ಪುಟ್ಟ ಬೆರಳು ನನ್ನ ಮುಷ್ಟಿಯಿಂದ ಜಾರಿತು, ಹೊಳೆಮ್ಮ ನಿಂತಿದ್ದಾಳೆ, ಯಾರೂ ಹಿಡಿದಿಲ್ಲ, ನಿಂತೇ ಇದ್ದಾಳೆ, ಲಲಿತಾ ಅಳುತ್ತಾ ನಗುತ್ತಾ ನನ್ನ ಬಲಗೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ, ನಿಮ್ಮ ಕೈಗುಣರೀ, ಈ ಕೈ ತಣ್ಣಗಿರಲಿ, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ, ಹೇಳಬೇಕು, ಈಗ ಹೇಳಬೇಕು, ಸೋಮವಾರ ಎನ್ನಬೇಕು, ಮಗಳು ಬಗ್ಗಿ ಕೆಳಗೆ ನೋಡುತ್ತಿದ್ದಾಳೆ, ಅವಳ ಹೆಬ್ಬೆರಳ ಕೆಳಗಿನಿಂದ ಕೆಂಪು ಬಾಲ, ಏಳರ ಬಾಲ, ಬಾಲ