ಮಂಚದ ಮೇಲಿನ ಬೆಳೆ

"ಅಲ್ಲಿ ಕೂತ್ಕಬೇಡಿ. ಹುಳ ಇದಾವೆ."

ಮಂಚದ ಅಂಚಿಗೆ ಕೂರಲು ಬಗ್ಗಿದ್ದ ಮುನಿಶಾಮಪ್ಪ ಹಾಗೆಯೇ ನೆಟ್ಟಗಾದ. ಸೊಸೆ ಪ್ರಿಯಾಂಕ ಬೆಳಗ್ಗೆ ಹಾಸಿದ್ದ ಬಿಳಿ ದುಪ್ಪಟಿ ಬಿಟ್ಟರೆ ಮಂಚದ ಮೇಲೆ ಏನೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅವನ ಹೆಂಡತಿ ರಾಮಲಕ್ಷ್ಮಮ್ಮ ಮಾತ್ರ ನಡುಗುವ ಬೆರಳಲ್ಲಿ ಅಂಚಿನಿಂದ ಏನನ್ನೋ ಎತ್ತೆತ್ತಿ ನಡುವಿಗೆ ಬಿಡುತ್ತಿದ್ದಳು.

"ಮೂರನೇ ಜ್ವರದಿಂದ ಎದ್ದವೆ, ಹಸ್ಕೊಂಡವೆ. ಸೊಪ್ಪೆಲ್ಲಿ?" ಎಂದಳು.

ರೇಷ್ಮೆಹುಳ ಪೊರೆ ಬಿಡುವುದಕ್ಕೆ ಅವರ ಊರು ಸಾದಲಿಯಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ವಾರದಲ್ಲಿ ಗೂಡು ಕಟ್ಟುತ್ತದೆ. ಆದರೆ ಆ ಮನೆಯಲ್ಲಿ ಹುಳ ಸಾಕುವುದು ನಿಂತು ಆರು ವರ್ಷವಾಗಿತ್ತು. ರಾಮಲಕ್ಷ್ಮಮ್ಮನ ಕೈ ನಡುಗತೊಡಗಿದ ವರ್ಷವೇ ಹಿಪ್ಪುನೇರಳೆ ಕಿತ್ತು ಗುಲಾಬಿ ಹಾಕಿದ್ದರು. ಚಿಕ್ಕಬಳ್ಳಾಪುರದ ಡಾಕ್ಟರು ಪಾರ್ಕಿನ್ಸನ್ಸ್ ಅಂದರು, ಮಾತ್ರೆ ಕೊಟ್ಟರು. ಮೂರು ತಿಂಗಳ ಹಿಂದೆ ಆ ಮಾತ್ರೆಯನ್ನು ಹೆಚ್ಚು ಮಾಡಿದ ಮೇಲೆ ಬಿಗಿದುಕೊಂಡಿದ್ದ ಕಾಲು ಸಡಿಲವಾಗಿ ಒಬ್ಬಳೇ ನಲ್ಲಿಯವರೆಗೆ ಹೋಗಿ ಬರುವಂತಾಗಿದ್ದಳು. ಈಗ ಅದರ ಹಿಂದೆ ಈ ಹುಳಗಳೂ ಬಂದಿದ್ದವು.

ಹೇಳಬಾರದು, ಆದರೆ ಮುನಿಶಾಮಪ್ಪನಿಗೆ ಒಳಗೊಳಗೇ ಖುಷಿಯಾಗಿತ್ತು. ಕಾಯಿಲೆ ಬಿದ್ದಾಗಿನಿಂದ ಕೇಳಿದ್ದಕ್ಕೆ ಹೂಂ ಉಹೂಂ ಬಿಟ್ಟರೆ ಮಾತೇ ಆಡದವಳು ಈಗ ಬಾಯ್ತುಂಬ ಬೈಯುತ್ತಿದ್ದಳು. ಊರ ಪಂಚಾಯ್ತಿಗೆಲ್ಲ ಯಜಮಾನನಾಗಿದ್ದ ಅವನು ಹುಳದ ಮನೆಯಲ್ಲಿ ಮಾತ್ರ ಅವಳಿಗೆ ಸೊಪ್ಪು ತರುವ ಆಳು. ಬೀಡಿ ಸೇದಿ ಬಂದರೆ ಹೊಸಿಲಲ್ಲೇ ತಡೆದು ಕೈ ಬಾಯಿ ತೊಳೆಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಮನೆ ತುಂಬ ಜನ. ಗಂಡ ಹೆಂಡತಿ ನಾಲ್ಕು ಮಾತಾಡಲು ಇದ್ದ ಜಾಗ ಅದೊಂದೇ. ಹುಳದ ತಟ್ಟೆಗಳ ನಡುವೆ ಕೂತು ಸೊಪ್ಪು ಕತ್ತರಿಸುತ್ತ, ತವರೂರು ಪೆರೇಸಂದ್ರದ ಒಬ್ಬೊಬ್ಬರ ಹಾಗೆ ನಡೆದು ತೋರಿಸಿ, ಅವರ ತೆಲುಗಿನಲ್ಲೇ ಮಾತಾಡಿ ಅವನನ್ನು ನಗಿಸುತ್ತಿದ್ದಳು.

ಹಾಗಾಗಿ ಅವನು ಇನ್ನೂ ಹಿಪ್ಪುನೇರಳೆ ಉಳಿಸಿಕೊಂಡಿದ್ದ ಆವುಲಪ್ಪನ ತೋಟಕ್ಕೆ ಹೋಗಿ ಒಂದು ಹೊರೆ ಸೊಪ್ಪು ತಂದ. ಹಸೂಗಾ ಎಂದು ಆವುಲಪ್ಪ ಕೇಳಿದ್ದಕ್ಕೆ ಹೌದೆಂದ. ಮಂಚದ ತುಂಬ ಹರಡಿದ. ತೆಳ್ಳಗೆ ಹಾಕಿ, ಇಲ್ಲಿ ದಪ್ಪ ಆಯ್ತು, ನಿಮಗೆ ಈ ಜನ್ಮದಲ್ಲಿ ಬರಲ್ಲ ಎಂದು ಅವಳು ಹೇಳುತ್ತಲೇ ಇದ್ದಳು. ದುಪ್ಪಟಿ ಹಾಳಾಯಿತೆಂದು ಪ್ರಿಯಾಂಕ ಗೊಣಗಿದಳು, ಆದರೆ ತಡೆಯಲಿಲ್ಲ.

ಕಷ್ಟವೆಂದರೆ ರಾಮಲಕ್ಷ್ಮಮ್ಮ ಮಲಗುತ್ತಿರಲಿಲ್ಲ. ಹುಳ ಮೈಕೆಳಗೆ ಸಿಕ್ಕಿ ಸಾಯುತ್ತವೆಂದು ಹಗಲೂ ರಾತ್ರಿ ಕುರ್ಚಿಯಲ್ಲೇ ಇದ್ದಳು. ಐದನೇ ದಿನ ತೂಕಡಿಸಿ ಮುಂದಕ್ಕೆ ಬಿದ್ದು ಹಣೆಗೆ ಮೂರು ಹೊಲಿಗೆ ಬಿತ್ತು. ಪ್ರಿಯಾಂಕ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಾಯಿಲೆಯ ಜೊತೆಗೆ ಈ ಮಾತ್ರೆಯೂ ಸೇರಿದರೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ ಎಂದರು ಡಾಕ್ಟರು. ತೀರಾ ಕಡಿಮೆ ಮಾಡಿದರೆ ಮತ್ತೆ ಕಾಲು ಬಿಗಿಯುತ್ತದೆ. ಸ್ವಲ್ಪವೇ ಇಳಿಸಿ, ಊಟವಾದ ಮೇಲೆ ಇನ್ನೊಂದು ಚಿಕ್ಕ ಮಾತ್ರೆ ಸೇರಿಸೋಣ, ಎರಡು ವಾರದಲ್ಲಿ ಹುಳ ಹೋಗಬಹುದು. ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಏಳುವುದು ಕಷ್ಟ ಎಂದೂ ಹೇಳಿದರು.

ಮುನಿಶಾಮಪ್ಪ ಬಾಗಿಲವರೆಗೆ ಹೋದವನು ತಿರುಗಿ ಬಂದ. "ಹುಳ ಹೋದ್ಮೇಲೂ ಇವಳು ಮಾತಾಡ್ತಾಳಾ, ಸಾರ್?"

ಅದನ್ನು ಹೇಳಲಾಗುವುದಿಲ್ಲ ಎಂದರು ಡಾಕ್ಟರು.

ಅವಳು ಗಂಡನ ಕೈಯಿಂದ ಮಾತ್ರ ಮಾತ್ರೆ ನುಂಗುತ್ತಿದ್ದುದರಿಂದ ಪ್ರಿಯಾಂಕ ಹೊಸ ಮಾತ್ರೆಯನ್ನು ಅವನಿಗೇ ಒಪ್ಪಿಸಿದಳು. ಎರಡು ದಿನ ಅದು ಅವನ ಅಂಗಿ ಜೇಬಿನಲ್ಲೇ ಉಳಿಯಿತು. ಸೊಸೆ ಕೇಳಿದಾಗ ಕೊಟ್ಟೆ ಎಂದ. ಮೂರನೇ ದಿನ, ಹಣೆಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ತೂಕಡಿಸುತ್ತಿದ್ದವಳು ಮತ್ತೆ ಮುಂದಕ್ಕೆ ವಾಲಿದಾಗ ಓಡಿ ಹೋಗಿ ಹಿಡಿದುಕೊಂಡ. ಅವತ್ತೇ ನೀರು ತಂದು ಮಾತ್ರೆ ನುಂಗಿಸಿದ.

ಹತ್ತು ದಿನ ಕಳೆಯಿತು. ಒಂದು ಬೆಳಗ್ಗೆ ರಾಮಲಕ್ಷ್ಮಮ್ಮ ಮಂಚದ ಮೇಲಿನ ಸೊಪ್ಪನ್ನು ಸರಿಸಿ ಸರಿಸಿ ಹುಡುಕುತ್ತಿದ್ದಳು. ದಿನಾ ಕಮ್ಮಿಯಾಗುತ್ತಿದ್ದವು, ಇವತ್ತು ಒಂದೂ ಇಲ್ಲ ಎಂದಳು. ಅವಳ ಲೆಕ್ಕದಲ್ಲಿ ನಾಲ್ಕನೇ ಜ್ವರ ದಾಟಿದ್ದವು, ನಾಳೆ ನಾಡಿದ್ದರಲ್ಲಿ ಮೈ ಹಣ್ಣಾಗಿ ಗೂಡು ಕಟ್ಟಬೇಕಾಗಿತ್ತು. ಆ ವಾರವೆಲ್ಲ ಮಳೆ ಹಿಡಿದಿತ್ತು. ಒದ್ದೆ ಸೊಪ್ಪು ತಿಂದರೆ ಹುಳ ಸಾಯುತ್ತವೆ.

"ಒದ್ದೆ ಸೊಪ್ಪು ಹಾಕಿದ್ರಾ?" ಎಂದು ಕೇಳಿದಳು.

ಪ್ರಿಯಾಂಕ, "ಅತ್ತೆ, ಅದು ಹುಳ ಅಲ್ಲ..." ಎಂದು ಶುರು ಮಾಡಿದಳು. ಮುನಿಶಾಮಪ್ಪ ಕೈ ಅಡ್ಡ ಹಿಡಿದ.

"ಹೂಂ ಕಣೇ. ಮಳೇಲಿ ಕಿತ್ತಿದ್ದು, ಆರಿಸ್ಲಿಲ್ಲ. ನಂದೇ ತಪ್ಪು."

ಬೈಗುಳಕ್ಕೆ ಕಾದು ನಿಂತ. ಹಿಂದೆ ಒಂದು ಸಲ ಹೀಗೇ ಹುಳದ ಬೆಳೆ ಹೋದಾಗ ಮೂರು ದಿನ ಅವನಿಗೆ ಅನ್ನ ಬಡಿಸಿರಲಿಲ್ಲ. ಈಗಲೂ ಹಾಗೇ ಮಾಡಲಿ ಎಂದು ಬಯಸಿದ. ಅವಳು ಕೈಯಲ್ಲಿದ್ದ ಎಲೆಯನ್ನು ಮಂಚದ ಮೇಲಿಟ್ಟು ಅವನ ಕಡೆ ತಿರುಗಿದಳು.

"ಹೋಗ್ಲಿ ಬಿಡಿ," ಎಂದಳು. "ನಿಮಗೂ ವಯಸ್ಸಾಯ್ತು."

ಅವನು ಸೊಪ್ಪನ್ನೆಲ್ಲ ಟವಲಿಗೆ ಬಳಿದುಕೊಂಡ. ಪ್ರಿಯಾಂಕ ಅವಳನ್ನು ಎಬ್ಬಿಸಿ ಮಂಚದ ಮೇಲೆ ಮಲಗಿಸಿದಳು. ಗೋಡೆಯ ಕಡೆ ಮುಖ ಮಾಡಿದ ರಾಮಲಕ್ಷ್ಮಮ್ಮನಿಗೆ ಕ್ಷಣದಲ್ಲೇ ನಿದ್ದೆ ಹತ್ತಿತು.

ಹಿತ್ತಲಲ್ಲಿ ಹಸು ಮುಖ ಎತ್ತಿ ಕಾಯುತ್ತಿತ್ತು. ಮುನಿಶಾಮಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಟವಲು ಬಿಚ್ಚಿದ. ಒಂದೊಂದೇ ಎಲೆಯನ್ನು ಎತ್ತಿ, ಹಿಂಬದಿ ತಿರುಗಿಸಿ ನೋಡಿ, ಆಮೇಲೆ ಹಸುವಿನ ಬಾಯಿಗೆ ಕೊಟ್ಟ.